ಷರೀಫರ ಪದಕ್ಕೆ ಯಾರ ಮಟ್ಟು?

2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂತು. ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಅದರಲ್ಲಿ ಶಿಶುನಾಳ ಷರೀಫರ ‘ಗುಡುಗುಡಿ’ಯೂ ‘ಸೋರುತಿಹುದು’ ಕೂಡ ಇದ್ದವು. ಗಿಟಾರು, ಪಿಟೀಲು, ಡ್ರಮ್ಸ್ ಕಟ್ಟಿಕೊಂಡು, ಕಾಲಿಗೆ ಗೆಜ್ಜೆ ಬಿಗಿದು, ಬಣ್ಣದ ಲುಂಗಿಯುಟ್ಟು ಮೈಸೂರಿನ ಈ ಗಾಯಕ ಷರೀಫರನ್ನು ಹಾಡಲು ಹೊರಟ ಮೇಲೆ ಕೇಳುಗರಲ್ಲಿ ಎರಡು ಪಕ್ಷವಾಯಿತು. ಷರೀಫರನ್ನು ಕೆಡಿಸಿದ ಎನ್ನುವವರು ಒಂದು ಕಡೆ, ಷರೀಫರನ್ನು ಉಳಿಸಿದ ಎನ್ನುವವರು ಇನ್ನೊಂದು ಕಡೆ. ಹದಿನೈದು ವರ್ಷ ದಾಟಿದರೂ ವಾದ ಮುಗಿದಿಲ್ಲ. ಕಡೂರಿನಲ್ಲೋ ತರೀಕೆರೆಯಲ್ಲೋ ಕಾಲೇಜಿನ ವಾರ್ಷಿಕೋತ್ಸವಕ್ಕೆ ಹೋಗಿ ನೋಡಿ. ಹುಡುಗನೊಬ್ಬ ಗಿಟಾರು ಹಿಡಿದು ‘ಗುಡುಗುಡಿ’ ಶುರುಮಾಡಿದರೆ ಹಿಂದಿನ ಸಾಲು ಎದ್ದು ಕುಣಿಯುತ್ತದೆ, ಮುಂದಿನ ಸಾಲಿನ ನಿವೃತ್ತ ಮೇಷ್ಟ್ರುಗಳು ಮುಖ ಸಿಂಡರಿಸುತ್ತಾರೆ.

ಇಬ್ಬರೂ ತಪ್ಪು ಪ್ರಶ್ನೆ ಹಿಡಿದು ಜಗಳವಾಡುತ್ತಿದ್ದಾರೆ ಎಂಬುದು ನನ್ನ ತಕರಾರು.

ಮೇಷ್ಟ್ರುಗಳ ಪಕ್ಷವನ್ನೇ ಮೊದಲು ವಿಚಾರಿಸೋಣ. ಅವರ ಆಕ್ಷೇಪ ಮೂಲ ಧಾಟಿ ಹೋಯಿತು ಎಂಬುದು. ಯಾವುದು ಮೂಲ? ಷರೀಫರು ಬದುಕಿದ್ದು 1819ರಿಂದ 1889ರವರೆಗೆ. ಎಡಿಸನ್ ಫೋನೋಗ್ರಾಫ್ ಕಂಡುಹಿಡಿದದ್ದು 1877ರಲ್ಲಿ. ಅಂದರೆ ಷರೀಫರ ಕೊನೆಗಾಲಕ್ಕೆ ಲೋಕದಲ್ಲಿ ಧ್ವನಿ ಹಿಡಿದಿಡುವ ಯಂತ್ರವಿತ್ತು, ಆದರೆ ಶಿಶುವಿನಹಾಳದ ಜಗಲಿಗೆ ಅದನ್ನು ತರುವವರಿರಲಿಲ್ಲ. ಕಳಸದ ಗೋವಿಂದ ಭಟ್ಟರ ಮುಂದೆ ಶಿಷ್ಯ ಯಾವ ಶ್ರುತಿಯಲ್ಲಿ, ಯಾವ ತಾಳದಲ್ಲಿ ಹಾಡಿದ ಎಂಬುದಕ್ಕೆ ದಾಖಲೆಯಿಲ್ಲ. ಪದಗಳು ಬಾಯಿಂದ ಬಾಯಿಗೆ ಹೋದವು. ಏಕತಾರಿ, ದಮ್ಮಡಿ, ತಾಳ ಹಿಡಿದ ಭಜನೆಯವರು ತಮ್ಮ ತಮ್ಮ ಊರಿನ ಮಟ್ಟಿಗೆ ಅವನ್ನು ಕೂರಿಸಿಕೊಂಡರು. ಒಂದೇ ಪದ ಹತ್ತು ಊರಿನಲ್ಲಿ ಹತ್ತು ಥರ.

ಹಾಗಾದರೆ ನಮ್ಮ ಮೇಷ್ಟ್ರುಗಳ ಕಿವಿಯಲ್ಲಿ ಕೂತಿರುವ ಆ ಮೂಲ ಯಾವುದು? ಸಿ. ಅಶ್ವತ್ಥ್ ಅವರ ಕ್ಯಾಸೆಟ್ಟು. ಎಂಬತ್ತರ ದಶಕದಲ್ಲಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ಒತ್ತಾಸೆಯಿಂದ ಅಶ್ವತ್ಥ್ ಷರೀಫರ ಪದಗಳಿಗೆ ರಾಗ ಹಾಕಿದರು. ಅವರೂ ಶಿವಮೊಗ್ಗ ಸುಬ್ಬಣ್ಣನವರೂ ಅವನ್ನು ಮನೆಮನೆಗೆ ಮುಟ್ಟಿಸಿದರು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಬಂತು. ಶ್ರೀಧರ್ ಷರೀಫರಾದರು, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾದರು, ಸಂಗೀತ ಮತ್ತೆ ಅಶ್ವತ್ಥ್ ಅವರದೇ. ಹಳೇ ಮೈಸೂರು ಸೀಮೆಯವರಾದ ನಮಗೆ ಷರೀಫರ ಮುಖವೆಂದರೆ ಶ್ರೀಧರ್, ಷರೀಫರ ಗಂಟಲೆಂದರೆ ಅಶ್ವತ್ಥ್. ಐ.ಟಿ.ಐ. ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡು ಬೆಂಗಳೂರಿನಲ್ಲಿ ಸುಗಮ ಸಂಗೀತ ಕಟ್ಟಿದ ಒಬ್ಬ ಪ್ರತಿಭಾವಂತ, ಕೊಳಲು, ತಬಲ, ಕೋರಸ್ಸು ಇಟ್ಟುಕೊಂಡು, ಮೈಕಿನ ಮುಂದೆ, ಷರೀಫರು ತೀರಿಹೋಗಿ ಸುಮಾರು ನೂರು ವರ್ಷದ ಮೇಲೆ ಮಾಡಿದ ಹೊಸ ಕೆಲಸ ಅದು. ಬಹಳ ದೊಡ್ಡ ಕೆಲಸ. ಆದರೂ ಅದು ಮೂಲವಲ್ಲ. ರಘು ದೀಕ್ಷಿತ್ ಷರೀಫರ ಪದಕ್ಕೆ ಮಾಡಿದ್ದನ್ನೇ ಅಶ್ವತ್ಥ್ ಇಪ್ಪತ್ತೈದು ವರ್ಷ ಮುಂಚೆ ಮಾಡಿದ್ದರು.

ಅಶ್ವತ್ಥ್ ಅವರಿಗೂ ಆಗ ಬೈಗುಳ ತಪ್ಪಿರಲಿಲ್ಲ ಎಂಬುದನ್ನು ಇಂದಿನ ಅಭಿಮಾನಿಗಳು ಮರೆತಿದ್ದಾರೆ. ಅಬ್ಬರ ಜಾಸ್ತಿ ಎಂದರು. ಕೆ.ಎಸ್. ನರಸಿಂಹಸ್ವಾಮಿಯವರ ಮೆಲುದನಿಯ ಕವಿತೆಗಳನ್ನು ನಾಟಕ ಮಾಡಿಬಿಟ್ಟರು ಎಂದರು. ಕವಿತೆಯನ್ನು ಮನಸ್ಸಿನಲ್ಲಿ ಓದಿಕೊಳ್ಳಬೇಕು, ಹಾಡಿಕೊಂಡು ತಿರುಗಬಾರದು ಎಂಬ ನವ್ಯದ ಮಡಿಯೂ ಅದಕ್ಕೆ ಸೇರಿಕೊಂಡಿತ್ತು. 1978ರ ‘ನಿತ್ಯೋತ್ಸವ’ದಿಂದ, ಅಂದರೆ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿ ಬಂದ ಆ ಕ್ಯಾಸೆಟ್ಟಿನಿಂದ ಶುರುವಾಗಿ, ಈ ದೂರು ನಡೆದೇ ಇತ್ತು. ಕ್ಯಾಸೆಟ್ಟು ಬಂದಾಗ ಅದು ಅಪಚಾರ, ಕ್ಯಾಸೆಟ್ಟು ಹಳತಾದ ಮೇಲೆ ಅದೇ ಸಂಪ್ರದಾಯ. ಹದಿನಾರನೇ ವಯಸ್ಸಿನಲ್ಲಿ ಕೇಳಿದ್ದನ್ನು ಮನುಷ್ಯ ಸನಾತನ ಎಂದುಕೊಂಡುಬಿಡುತ್ತಾನೆ. ಇಂದು ಕುಣಿಯುವ ಹಿಂದಿನ ಸಾಲಿನ ಹುಡುಗರೂ 2050ರಲ್ಲಿ ಮುಂದಿನ ಸಾಲಿಗೆ ಬಂದು ಕೂತು, ರಘು ದೀಕ್ಷಿತರ ಮೂಲ ಧಾಟಿ ಹೋಯಿತಲ್ಲ ಎಂದು ಮುಖ ಸಿಂಡರಿಸುತ್ತಾರೆ; ಅನುಮಾನ ಬೇಡ.

ಇನ್ನು ಉಳಿಸಿದ ಎನ್ನುವ ಪಕ್ಷ. ಇವರ ವಾದ ಇನ್ನೂ ಸಡಿಲ. ಷರೀಫರು ಮುಳುಗುತ್ತಿರಲಿಲ್ಲ, ಉಳಿಸಲು. ಉತ್ತರ ಕರ್ನಾಟಕದ ಭಜನೆ ಮೇಳಗಳಲ್ಲಿ ಅವರ ಪದ ಒಂದು ದಿನವೂ ನಿಂತಿರಲಿಲ್ಲ. ನಮ್ಮ ಕಡೆಗೆ ಕ್ಯಾಸೆಟ್ಟು ತಂದುಕೊಟ್ಟಿತ್ತು. ತರೀಕೆರೆ ತಾಲ್ಲೂಕಿನವರೇ ಆದ ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಓದಿದವರಿಗೆ ಷರೀಫರು ಒಂಟಿ ಮರವಲ್ಲ ಎಂಬುದು ಗೊತ್ತು. ದರ್ಗಾ, ಮಠ, ಮೊಹರಂ, ಭಜನೆ ಎಲ್ಲದರ ನಡುವೆ ಓಡಾಡಿಕೊಂಡಿದ್ದ ಬಹುದೊಡ್ಡ ಬಳಗದಲ್ಲಿ ಅವರೊಬ್ಬರು. ಆ ಬಳಗದ ಮಿಕ್ಕವರಿಗೆ ಯಾವ ಆಲ್ಬಮ್ಮೂ ಸಿಗಲಿಲ್ಲ, ಆದರೂ ಅವರ ಪದಗಳು ಸತ್ತಿಲ್ಲ. 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ಅವರ ಕಾರ್ಯಕ್ರಮಕ್ಕೆ ರಘು ಹೋದರು, 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ ಪಡೆದರು, ಸಂತೋಷ. ಕನ್ನಡವೇ ಬಾರದವರು ಕನ್ನಡದ ಪದಕ್ಕೆ ಕೈತಟ್ಟಿದರು ಎಂಬುದು ಗಾಯಕನ ಕಂಠಕ್ಕೂ ತಾಳಕ್ಕೂ ಸಂದ ಗೌರವ. ಷರೀಫರಿಗೆ ಏನಾಯಿತು ಎಂಬುದಕ್ಕೆ ಅದು ಸಾಕ್ಷಿಯಾಗುವುದಿಲ್ಲ.

ಸರಿಯಾದ ಪ್ರಶ್ನೆ ಯಾವುದು ಎನ್ನುತ್ತೀರಿ. ಅದಕ್ಕೆ ಕಡೂರು ತಾಲ್ಲೂಕಿನ ದೇವನೂರಿಗೆ ಹೋಗಬೇಕು.

ದೇವನೂರು ಲಕ್ಷ್ಮೀಶ ಕವಿಯ ಊರು. ಅವನ ‘ಜೈಮಿನಿ ಭಾರತ’ ವಾರ್ಧಕ ಷಟ್ಪದಿಯಲ್ಲಿದೆ. ಚಂದ್ರಹಾಸನ ಕಥೆ, ಸುಧನ್ವನ ಕಾಳಗ, ಸೀತಾ ಪರಿತ್ಯಾಗ ಇವೆಲ್ಲ ಅಕ್ಷರ ಬಾರದ ಹಳ್ಳಿಗರಿಗೂ ಗೊತ್ತಿದ್ದದ್ದು ಗಮಕಿಗಳಿಂದ. ಗಮಕದ ನಿಯಮ ಸ್ವಾರಸ್ಯವಾದದ್ದು. ಕವಿ ಛಂದಸ್ಸನ್ನು ಕಟ್ಟಿಕೊಟ್ಟಿದ್ದಾನೆ, ರಾಗವನ್ನು ಕಟ್ಟಿಕೊಟ್ಟಿಲ್ಲ. ಯುದ್ಧದ ಪದ್ಯವನ್ನು ಒಬ್ಬ ಮೋಹನದಲ್ಲಿ ಓದಿದರೆ ಇನ್ನೊಬ್ಬ ಬೇರೊಂದರಲ್ಲಿ ಓದುತ್ತಾನೆ. ಸೀತೆಯ ಅಳಲಿಗೆ ಇಂಥದೇ ರಾಗ ಎಂಬ ಕಟ್ಟಳೆಯಿಲ್ಲ, ಪದ್ಯದ ಭಾವ ನೋಡಿಕೊಂಡು ಅವನವನು ಆರಿಸಿಕೊಳ್ಳುತ್ತಾನೆ. ಹೀಗೆ ಶತಮಾನಗಟ್ಟಲೆ ಓದಿದ್ದಾರೆ, ಲಕ್ಷ್ಮೀಶನನ್ನು ಕೆಡಿಸಿದ ಎಂದು ಯಾರೂ ದೂರು ಕೊಟ್ಟಿಲ್ಲ. ಆದರೆ ಒಂದು ವಿಷಯದಲ್ಲಿ ಗಮಕದ ಕೇಳುಗರು ಬಹಳ ಕಟ್ಟುನಿಟ್ಟು. ಪದಚ್ಛೇದ ಕೆಟ್ಟರೆ, ರಾಗದ ಸೊಗಸಿಗೆ ಮರುಳಾಗಿ ಗಮಕಿ ಪದವನ್ನು ನುಂಗಿದರೆ, ಕಥೆಯ ಎಳೆ ಕಿವಿಗೆ ಬೀಳದೆ ಹೋದರೆ ಸಭೆಯ ಹಿರಿಯರು ಅಲ್ಲೇ ಗೊಣಗುತ್ತಾರೆ. ಆಲಾಪ ಎಷ್ಟಿತ್ತು ಎಂದು ಅಲ್ಲಿ ಯಾರೂ ಅಳೆಯುವುದಿಲ್ಲ. ಮಾತು ಮುಟ್ಟಿತೋ ಇಲ್ಲವೋ, ಅಷ್ಟೇ ಲೆಕ್ಕ.

ಷರೀಫರ ಆಲ್ಬಮ್ಮಿಗೂ ಇದೇ ಒರೆಗಲ್ಲು ಸಾಕು. ಗಿಟಾರೋ ಹಾರ್ಮೋನಿಯಮ್ಮೋ, ಗೆಜ್ಜೆಯೋ ದಮ್ಮಡಿಯೋ, ಲುಂಗಿಯೋ ಪಂಚೆಯೋ ಎಂಬುದೆಲ್ಲ ಪಕ್ಕದ ಮಾತು. ಪದದೊಳಗಿನ ಮಾತು ಕೇಳುಗನಿಗೆ ತಲುಪಿತೇ?

‘ಗುಡುಗುಡಿ’ಯಲ್ಲಿ ತಲುಪಿದೆ ಎಂಬುದು ನನ್ನ ತೀರ್ಪು. ಆ ಪದದ ಹೂಟವನ್ನು ನೋಡಿ. ಷರೀಫರು ಸೇದಲು ಕರೆಯುತ್ತಾರೆ. ಸಂಚಿ, ಭಂಗಿ, ಚಿಲುಮೆ, ಬೆಂಕಿ ಎಲ್ಲವನ್ನೂ ಒಂದೊಂದಾಗಿ ಎದುರಿಗಿಡುತ್ತಾರೆ. ಇಟ್ಟಮೇಲೆ ನೋಡಿದರೆ ಆ ಸಂಚಿ ಮನಸ್ಸು, ಕೊಚ್ಚಬೇಕಾದ ಭಂಗಿ ಮೋಹ, ಹಚ್ಚಬೇಕಾದ ಬೆಂಕಿ ಬುದ್ಧಿ. ಮೊದಲು ಚಟದ ಆಸೆ ತೋರಿಸಿ ಹತ್ತಿರ ಕರೆದು, ಕೂರಿಸಿ, ಆಮೇಲೆ ಕೈಗೆ ವೈರಾಗ್ಯ ಕೊಡುವ ಕುಶಾಲು ಇದು. ಕಾಲೇಜು ಹುಡುಗರು ಇದನ್ನು ನಶೆಯ ಹಾಡು ಎಂದುಕೊಂಡಿದ್ದಾರೆ ಎಂದು ಮೇಷ್ಟ್ರುಗಳು ಹಲುಬುತ್ತಾರೆ. ಷರೀಫರಿಗೆ ಬೇಕಾಗಿದ್ದೂ ಅದೇ ಅಲ್ಲವೇ? ಮೊದಲ ಸಾಲಿಗೇ ಯಾರೂ ಮೋಸಹೋಗದಿದ್ದರೆ ಆ ಪದಕ್ಕೆ ಕೆಲಸವೇ ಇಲ್ಲ. ಇದು ಒಬ್ಬನೇ ಕೂತು ಕೇಳುವ ಪದವೂ ಅಲ್ಲ. ಚಿಲುಮೆ ಸುತ್ತುವುದು ಗುಂಪಿನಲ್ಲಿ. ರಘು ದೀಕ್ಷಿತ್ ಅದಕ್ಕೆ ಕೊಟ್ಟ ಕುಣಿತ, ಜನರನ್ನು ಕೈಬೀಸಿ ಕರೆಯುವ ಆ ದನಿ, ಪದದ ಹೂಟಕ್ಕೆ ಸರಿಯಾಗಿ ಕೂತಿದೆ. ಪೂರ್ತಿ ಗಂಭೀರವಾಗಿ, ಕಣ್ಣುಮುಚ್ಚಿ, ತತ್ತ್ವ ತತ್ತ್ವ ಎನ್ನುತ್ತ ಹಾಡುವವರು ಷರೀಫರ ನಗೆಯನ್ನು ಮೊದಲ ಸಾಲಿನಲ್ಲೇ ಕಳೆದುಕೊಳ್ಳುತ್ತಾರೆ.

‘ಸೋರುತಿಹುದು’ ವಿಷಯ ಬೇರೆ. ಇಲ್ಲಿ ರಘು ಅವರಿಗೂ ಪೂರ್ತಿ ಅಂಕ ಕೊಡಲಾರೆ, ಅಶ್ವತ್ಥ್ ಅವರಿಗೂ ಕೊಡಲಾರೆ. ಅಜ್ಞಾನದಿಂದ ಮನೆಯ ಮಾಳಿಗೆ ಸೋರುತ್ತಿದೆ ಎಂಬ ಪಲ್ಲವಿ ಎಲ್ಲರಿಗೂ ಬಾಯಿಪಾಠ. ಚರಣಕ್ಕೆ ಹೋದರೆ ಷರೀಫರು ಬಡಗಿಯೊಬ್ಬ ಮನೆ ಹತ್ತಿ ನೋಡಿ ಬಂದು ಕೊಟ್ಟ ವರದಿಯ ಹಾಗೆ ಮಾತಾಡುತ್ತಾರೆ: ತೊಲೆ ಮುರಿದಿದೆ, ಜಂತೆಗೆ ಹುಳು ಹಿಡಿದಿದೆ, ಕೀಲು ಸಡಿಲವಾಗಿದೆ, ಇರುವೆ ಮುತ್ತಿದೆ, ನೀರಿಗೆ ಮಣ್ಣು ಕರಗಿ ಒಳಗೂ ಹೊರಗೂ ಒಂದೇ ಆಗುತ್ತಿದೆ, ಮೇಲೆ ಹತ್ತಿ ಸರಿಮಾಡುವ ತ್ರಾಣ ನನಗಿಲ್ಲ. ಪದದ ಜೀವ ಈ ಪಟ್ಟಿಯಲ್ಲಿದೆ. ಅಜ್ಞಾನ ಎಂಬ ದೊಡ್ಡ ಮಾತನ್ನು ಯಾರು ಬೇಕಾದರೂ ಹೇಳಬಹುದು. ಹುಳು ಹಿಡಿದ ಜಂತೆ ಹೇಳುವುದಕ್ಕೆ ಮಣ್ಣಿನ ಮಾಳಿಗೆಯ ಕೆಳಗೆ ಮಳೆಗಾಲ ಕಳೆದಿರಬೇಕು. ತರೀಕೆರೆಯಿಂದ ಕೆಮ್ಮಣ್ಣುಗುಂಡಿಯ ಕಡೆಗೆ ಹತ್ತುವ ದಾರಿಯ ಊರುಗಳಲ್ಲಿ ಹಳೇ ಮನೆಯವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಹಾಡು ಗೊತ್ತೆನ್ನುವ ಹತ್ತು ಮಂದಿಯನ್ನು ಕೇಳಿ, ಪಲ್ಲವಿ ಹೇಳುತ್ತಾರೆ. ತೊಲೆ, ಜಂತೆ, ಕೀಲು ಹೇಳುವವರು ಸಿಗುವುದು ಕಷ್ಟ. ಕ್ಯಾಸೆಟ್ಟಿನಲ್ಲಿ ಕೋರಸ್ಸಿನ ಭಾರಕ್ಕೆ ಅವು ಮಸುಕಾದವು, ಆಲ್ಬಮ್ಮಿನಲ್ಲಿ ಗಾಯಕನ ಆರ್ತದನಿಯ ಎತ್ತರಕ್ಕೆ ಮಸುಕಾದವು. ಎರಡರಲ್ಲೂ ದುಃಖ ಕೇಳಿಸುತ್ತದೆ. ಮನೆ ಕಾಣಿಸುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದರೆ ಅಶ್ವತ್ಥ್ ಕಡೆಗೆ ವಾಲುತ್ತೇನೆ, ಅವರ ಉಚ್ಚಾರಣೆ ಹೆಚ್ಚು ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ ಎಂಬ ಕಾರಣಕ್ಕೆ. ಅದೂ ಕೂದಲೆಳೆಯ ಅಂತರ.

ಇಂಥ ಮಾತು ಬಂದಾಗಲೆಲ್ಲ ಬಾಬ್ ಡಿಲನ್ ಅವರನ್ನು ಎಳೆದು ತರುವವರಿದ್ದಾರೆ. 1965ರ ಜುಲೈಯಲ್ಲಿ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಡಿಲನ್ ಎಲೆಕ್ಟ್ರಿಕ್ ಗಿಟಾರು ಹಿಡಿದಾಗ ಜನ ಕೂಗಿ ಪ್ರತಿಭಟಿಸಿದರು, ಮರುವರ್ಷ ಮ್ಯಾಂಚೆಸ್ಟರಿನಲ್ಲಿ ಕೇಳುಗನೊಬ್ಬ ಅವರನ್ನು ಜೂಡಾಸ್ ಎಂದು ಕರೆದ, 2016ರಲ್ಲಿ ಅದೇ ಡಿಲನ್‌ಗೆ ಸಾಹಿತ್ಯದ ನೊಬೆಲ್ ಬಂತು. ಆದ್ದರಿಂದ ಬೈದವರು ಯಾವಾಗಲೂ ತಪ್ಪು ಎಂದು ತರ್ಕ. ಹೋಲಿಕೆ ಅರ್ಧಕ್ಕೆ ನಿಲ್ಲುತ್ತದೆ. ಡಿಲನ್ ತಿರುಚಿದ್ದು ಹೆಚ್ಚಾಗಿ ತಮ್ಮದೇ ಹಾಡು. ಮಾತೂ ಅವರದೇ, ರಾಗವೂ ಅವರದೇ, ಹಾಳುಮಾಡಿಕೊಂಡರೂ ಅವರದೇ ಸ್ವತ್ತು. ಷರೀಫರ ಪದಕ್ಕೆ ಕೈಹಾಕಿದವರು ಮಾತಾಡಲು ಈಗ ಇಲ್ಲದವನ ಪರವಾಗಿ ನಿಂತವರು, ಜವಾಬ್ದಾರಿ ಜಾಸ್ತಿ. ನಮ್ಮಲ್ಲಿ ಬರೆದವನೇ ಹಾಡುವ ಪರಂಪರೆ ದಾಸರದು, ತತ್ತ್ವಪದಕಾರರದು. ಭಾವಗೀತೆಯ ಕಾಲಕ್ಕೆ ಅದು ಒಡೆದುಹೋಗಿ ಕವಿ ಒಂದು ಕಡೆ, ರಾಗ ಹಾಕುವವರು ಇನ್ನೊಂದು ಕಡೆ, ಹಾಡುವವರು ಮತ್ತೊಂದು ಕಡೆ ಆದರು. ರಘು ರಾಗವನ್ನೂ ಕಂಠವನ್ನೂ ಮತ್ತೆ ಒಂದು ಕಡೆ ತಂದರು, ಮಾತನ್ನು ಮಾತ್ರ ಷರೀಫರಿಂದ ಸಾಲ ಪಡೆದರು. ಅವರ ಆಲ್ಬಮ್ಮಿನ ಕನ್ನಡದ ಬಲವೂ ಅಲ್ಲೇ ಇದೆ, ಮಿತಿಯೂ ಅಲ್ಲೇ.

ರಾಗದ ಮೇಲಿನ ಜಗಳ ಅತಿಯಾದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ನಾಡಗೀತೆಯಲ್ಲಿ ನೋಡಿದ್ದೇವೆ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಹಿರೇಕೊಡಿಗೆಯಲ್ಲೇ ಹುಟ್ಟಿದ ಕುವೆಂಪು ಬರೆದ ಗೀತೆ 2004ರಲ್ಲಿ ನಾಡಗೀತೆಯಾಯಿತು. ಅನಂತಸ್ವಾಮಿಯವರ ಧಾಟಿಯೋ ಅಶ್ವತ್ಥ್ ಅವರ ಧಾಟಿಯೋ ಎಂದು ವರ್ಷಗಟ್ಟಲೆ ಎಳೆದಾಡಿದರು. ಸಮಿತಿ ಕೂತಿತು. 2022ರಲ್ಲಿ ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಸರ್ಕಾರ ಆದೇಶ ಹೊರಡಿಸಿತು. ಗಾಯಕರೊಬ್ಬರು ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು, 2024ರಲ್ಲಿ ಅರ್ಜಿ ವಜಾ ಆಯಿತು. ಸರ್ಕಾರಿ ಸಮಾರಂಭಕ್ಕೆ ಒಂದು ಧಾಟಿ ಬೇಕು, ಒಪ್ಪೋಣ. ಸಾವಿರ ಮಂದಿ ಒಟ್ಟಿಗೆ ನಿಂತು ಹಾಡಬೇಕಲ್ಲ. ಆದರೆ ಆ ಇಡೀ ವಿವಾದದಲ್ಲಿ ಗೀತೆ ಏನು ಹೇಳುತ್ತದೆ ಎಂಬ ಬಗ್ಗೆ ಎಷ್ಟು ಮಾತು ಬಂತು? ಎಲ್ಲ ಮಾತೂ ನಿಮಿಷ, ಆಲಾಪ, ಪುನರಾವರ್ತನೆಯದೇ.

ಕಡೂರು, ತರೀಕೆರೆ, ಅಜ್ಜಂಪುರ ಎಂಬ ನಮ್ಮ ಮೂರು ತಾಲ್ಲೂಕಿಗೇ ಬಂದರೆ ಇದಕ್ಕಿಂತ ಹತ್ತಿರದ ಉದಾಹರಣೆಯಿದೆ. ‘ಮಾಯದಂಥ ಮಳೆ’ ಎಂಬ ಜನಪದ ಹಾಡು ಕನ್ನಡ ನಾಡಿಗೆಲ್ಲ ಗೊತ್ತು. ಅದರಲ್ಲಿ ಬರುವ ಮದಗದ ಕೆರೆ ನಮ್ಮದು ಎಂದು ಕಡೂರಿನವರಿಗೆ ಹೆಮ್ಮೆ. ಬಾಬಾಬುಡನ್‌ಗಿರಿ ಸಾಲಿನ ಬುಡಕ್ಕಿರುವ ಈ ಕೆರೆ ತುಂಬಿದರೆ ಕೆಳಗಿನ ಬಯಲಿಗೆ ಉಸಿರು. ಇಲ್ಲಿಂದ ಕಡೂರು, ಅಲ್ಲಿಂದಾಚೆ ಅಜ್ಜಂಪುರದ ಈರುಳ್ಳಿ ಹೊಲಗಳವರೆಗೆ ಮಳೆ ಕೈಕೊಡುವುದು ಮಾಮೂಲು. ಆದ್ದರಿಂದ ಮಳೆ ಹಾಡು ಎಂದರೆ ನಮಗೆ ಸಂಭ್ರಮ. ಈ ಹಾಡನ್ನೂ ಸಂಭ್ರಮದ ಹಾಡಾಗಿಯೇ ಮಾಡಿಕೊಂಡಿದ್ದೇವೆ. ಕ್ಯಾಸೆಟ್ಟು, ಸಿ.ಡಿ., ಈಗ ಮೊಬೈಲು, ಎಲ್ಲದರಲ್ಲೂ ಅದಕ್ಕೆ ಕುಣಿತದ ತಾಳ. ಶಾಲೆಯ ವಾರ್ಷಿಕೋತ್ಸವದಲ್ಲಿ ಇಳಕಲ್ ಸೀರೆಯುಟ್ಟ ಹೆಣ್ಣುಮಕ್ಕಳು ಸೊಂಟಕ್ಕೆ ಬಿಂದಿಗೆಯಿಟ್ಟು ನಗುನಗುತ್ತ ಕುಣಿಯುತ್ತಾರೆ.

ಹಾಡು ಹೇಳುವುದು ಬೇರೆಯೇ. ಅಂಗೈಯಗಲದ ಮೋಡ ಎದ್ದು, ಬಿರುಗಾಳಿ ಬೀಸಿ, ಕೆರೆಗೆ ತಡೆಯಲಾರದಷ್ಟು ನೀರು ನುಗ್ಗಿದೆ. ಗಂಗೆ ಇನ್ನು ನಿಲ್ಲುವುದಿಲ್ಲ ಎನ್ನುತ್ತಿದ್ದಾಳೆ. ಏರಿಯ ಮೇಲೆ ಹೋಗುವವರನ್ನು ತಡೆದು, ಓಡಿಹೋಗಿ ಊರ ಗೌಡನಿಗೆ ಸುದ್ದಿ ಮುಟ್ಟಿಸಿ ಎಂದು ಅವಸರ ಮಾಡುತ್ತಿದ್ದಾಳೆ. ಏರಿ ಒಡೆದರೆ ಊರು ಹೋಗುತ್ತದೆ. ಕೆರೆಗೆ ಹೆಣ್ಣು ಬಲಿಯಾದ ಕೆಂಚಮ್ಮನ ಕಥೆ ಆ ಕೆರೆಯ ಸುತ್ತಲೇ ಇದೆ. ಭಯದ ಹಾಡು ಅದು, ಗಡಿಬಿಡಿಯ ಹಾಡು, ಬೇಡಿಕೆಯ ಹಾಡು. ಇದಕ್ಕೆ ಬರೆದವನ ಹೆಸರಿಲ್ಲ, ಮೂಲ ಧಾಟಿಯೂ ಇಲ್ಲ. ಒಬ್ಬ ಹಾಡುಗಾರ್ತಿಯಿಂದ ಇನ್ನೊಬ್ಬಳಿಗೆ ಸಾಲುಗಳೇ ಬದಲಾಗುತ್ತವೆ. ಹಾಗಾಗಿ ಇಲ್ಲಿ ಕೆಡಿಸಿದ, ಉಳಿಸಿದ ಎಂಬ ಜಗಳಕ್ಕೆ ಜಾಗವೇ ಇರಲಿಲ್ಲ. ಜಗಳವಿಲ್ಲದ ಕಡೆಯೇ ಮಾತು ಸದ್ದಿಲ್ಲದೆ ಕಳೆದುಹೋಯಿತು. ಹಾಗೆ ನೋಡಿದರೆ ಷರೀಫರ ಪದದ ಮೇಲೆ ಜನ ಇನ್ನೂ ಬಡಿದಾಡುತ್ತಿರುವುದು ಒಳ್ಳೆಯ ಲಕ್ಷಣವೇ. ಬಡಿದಾಡುವವರು ವಾದ್ಯ ಬಿಟ್ಟು ಮಾತಿನ ಮೇಲೆ ಬಡಿದಾಡಲಿ ಎಂಬಷ್ಟೇ ನನ್ನ ಕೋರಿಕೆ.

ಹಾಡಿನ ತಾಳ ಬದಲಿಸಿ ಎಂದು ನಾನು ಹೇಳುತ್ತಿಲ್ಲ. ಮಕ್ಕಳು ಕುಣಿಯಲಿ. ಭಯವನ್ನೂ ಕುಣಿದು ತೋರಿಸಬಹುದು, ನಮ್ಮ ವೀರಗಾಸೆಯವರು ದಕ್ಷಯಜ್ಞದ ಕೋಪವನ್ನು ಕುಣಿದೇ ತೋರಿಸುತ್ತಾರೆ. ಕಡೂರು, ತರೀಕೆರೆ, ಅಜ್ಜಂಪುರದ ಮೇಷ್ಟ್ರುಗಳಲ್ಲಿ ಒಂದೇ ವಿನಂತಿ: ಈ ಸಲ ವಾರ್ಷಿಕೋತ್ಸವದ ತಾಲೀಮು ಶುರುಮಾಡುವಾಗ, ಸ್ಪೀಕರಿಗೆ ಮೊಬೈಲು ಜೋಡಿಸುವ ಮುಂಚೆ, ಹಾಡಿನ ಸಾಲುಗಳನ್ನು ಕಪ್ಪುಹಲಗೆಯ ಮೇಲೆ ಪೂರ್ತಿ ಬರೆದು ಮಕ್ಕಳ ಕೈಲಿ ಓದಿಸಿ. ಏರಿ ಒಡೆಯುವ ಹೊತ್ತಿನಲ್ಲಿ ಗೌಡನ ಮನೆಗೆ ಓಡಿಹೋಗುವವನು ಹೇಗೆ ಓಡುತ್ತಾನೆ ಎಂದು ಅವರನ್ನೇ ಕೇಳಿ. ಹೆಜ್ಜೆ ಆಮೇಲೆ ಕಲಿಸಿ.